ಎರಡು ಫ್ರೇಮ್ ತಡ

‘ಒಂದು ನಿಮಿಷ ಹನ್ನೆರಡನೇ ಸೆಕೆಂಡಿನಲ್ಲಿ ಕಟ್ ಎರಡು ಫ್ರೇಮ್ ತಡ. ಡ್ರಮ್ಮಿನ ಪೆಟ್ಟು ಬಿದ್ದಾದ ಮೇಲೆ ಅವನು ಕತ್ತಿ ಬೀಸುತ್ತಿದ್ದಾನೆ.’

ಹೊರಗಿನವರ ಕಿವಿಗೆ ಇದು ಮೊಸರಲ್ಲಿ ಕಲ್ಲು ಹುಡುಕುವ ಮಾತು. ಎರಡು ಫ್ರೇಮ್ ಎಂದರೆ ಒಂದು ಸೆಕೆಂಡಿನ ಹನ್ನೆರಡನೇ ಒಂದು ಪಾಲು. ಅದನ್ನು ಪತ್ತೆಹಚ್ಚಿ, ಗುರುತು ಹಾಕಿಕೊಂಡು, ಮುಖಪರಿಚಯವೂ ಇಲ್ಲದ ಒಬ್ಬರಿಗೆ ಕೂತು ಬರೆದು ತಿಳಿಸುವ ತಾಳ್ಮೆ ಯಾರಿಗಿದ್ದೀತು? ಅನಿಮೆ ಮ್ಯೂಸಿಕ್ ವಿಡಿಯೊ ಮಾಡುವವರಿಗಿದೆ. ತಮ್ಮ ಕೆಲಸವನ್ನು ಅವರು ಎಎಂವಿ ಎಂದು ಚುಟುಕಾಗಿ ಕರೆದುಕೊಳ್ಳುತ್ತಾರೆ. ಜಪಾನಿನ ಅನಿಮೇಷನ್ ಸರಣಿಗಳಿಂದ ದೃಶ್ಯಗಳನ್ನು ಆಯ್ದು, ಮೆಚ್ಚಿನ ಹಾಡೊಂದಕ್ಕೆ ಹೊಂದಿಸಿ, ಮೂರು ನಾಲ್ಕು ನಿಮಿಷದ ಹೊಸ ವಿಡಿಯೊ ಕಟ್ಟುವ ಹವ್ಯಾಸ ಇದು. ಚಿತ್ರ ಇನ್ನೊಬ್ಬರದು, ಹಾಡೂ ಇನ್ನೊಬ್ಬರದು. ಯಾವುದರ ಪಕ್ಕ ಯಾವುದನ್ನು, ಎಷ್ಟು ಹೊತ್ತು, ಯಾವ ಗಳಿಗೆಗೆ ಇಡಬೇಕು ಎಂಬ ತೀರ್ಮಾನವಷ್ಟೇ ಇವರ ಸ್ವಂತ ಆಸ್ತಿ. ಹಾಗಾಗಿ ಒಳ್ಳೆಯ ಟೀಕೆಯೂ ಆ ಗಳಿಗೆಗೇ ಬೆರಳಿಟ್ಟು ಮಾತಾಡುತ್ತದೆ.

ಈ ಹವ್ಯಾಸಕ್ಕೆ ಬಹುಕಾಲ ಶಾಲೆ ಇರಲಿಲ್ಲ, ಸಿಲೆಬಸ್ ಇರಲಿಲ್ಲ. ಇದರಿಂದ ಕಾಸು ಹುಟ್ಟುವುದೂ ಅಪರೂಪ. ಆದರೂ ನಲವತ್ತು ವರ್ಷಕ್ಕೂ ಮಿಕ್ಕಿ ಇದು ಬಾಳಿಕೊಂಡು ಬಂದಿದ್ದರೆ, ಒಂದೊಂದು ಕಾಲಕ್ಕೂ ಹೊಸ ಹೊಸ ಹುಡುಗ ಹುಡುಗಿಯರು ಇದರಲ್ಲಿ ಪಳಗಿದ್ದರೆ, ಅದಕ್ಕೆ ಕಾರಣ ಈ ಜಗಳಗಂಟ ಅಕ್ಕರೆ ಎಂದೇ ನನ್ನ ಎಣಿಕೆ. ‘ಸೂಪರ್’ ಎಂದವರು ಯಾರಿಗೂ ಏನೂ ಕಲಿಸಲಿಲ್ಲ. ‘ಎರಡು ಫ್ರೇಮ್ ತಡ’ ಎಂದವರು ಕಲಿಸಿದರು.

ಕತೆ ಶುರುವಾಗುವುದು 1982ರಲ್ಲಿ. ಅಮೆರಿಕದ ಜಿಮ್ ಕಪೋಸ್ತಾಸ್ ಎಂಬ ಇಪ್ಪತ್ತೊಂದರ ಯುವಕ ಎರಡು ವಿಸಿಆರ್‌ಗಳನ್ನು ಒಂದಕ್ಕೊಂದು ಜೋಡಿಸಿ, ‘ಸ್ಟಾರ್ ಬ್ಲೇಜರ್ಸ್’ ಸರಣಿಯ ಸ್ಫೋಟ, ಹೊಡೆದಾಟಗಳನ್ನೇ ಹೆಕ್ಕಿ ಬೀಟಲ್ಸ್ ತಂಡದ ‘ಆಲ್ ಯು ನೀಡ್ ಈಸ್ ಲವ್’ ಹಾಡಿಗೆ ಕೂರಿಸಿದ. ಪ್ರೀತಿಯ ಹಾಡು, ಯುದ್ಧದ ಚಿತ್ರ. ಮೊದಲ ಎಎಂವಿ ಎಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ಹುಟ್ಟಿದ್ದೇ ಒಂದು ತುಂಟತನದಿಂದ ಎಂಬುದು ನನಗೆ ಇಷ್ಟದ ಸಂಗತಿ.

ವಿಸಿಆರ್ ಕಾಲದಲ್ಲಿ ಎಡಿಟಿಂಗ್ ಅಂದರೆ ಕೈಚಳಕ. ಒಂದು ಯಂತ್ರದಲ್ಲಿ ಮೂಲ ಟೇಪು ಓಡುತ್ತಿರಬೇಕು, ಇನ್ನೊಂದರಲ್ಲಿ ರೆಕಾರ್ಡ್ ಆಗುತ್ತಿರಬೇಕು. ಪಾಜ್ ಗುಂಡಿ ಬಿಟ್ಟ ಕ್ಷಣಕ್ಕೂ ರೆಕಾರ್ಡಿಂಗ್ ನಿಜವಾಗಿ ಹಿಡಿದುಕೊಳ್ಳುವ ಕ್ಷಣಕ್ಕೂ ನಡುವೆ ಸಣ್ಣದೊಂದು ಅಂತರ. ಅದು ಯಂತ್ರದಿಂದ ಯಂತ್ರಕ್ಕೆ ಬೇರೆ. ಆ ಅಂತರವನ್ನು ಬೆರಳು ಕಲಿತುಕೊಳ್ಳಬೇಕು. ತಪ್ಪಿದರೆ ಮತ್ತೆ ಸುತ್ತು, ಮತ್ತೆ ಒತ್ತು. ಕಾಪಿಯಿಂದ ಕಾಪಿ ತೆಗೆದಷ್ಟೂ ಬಣ್ಣ ಮಸುಕಾಗುತ್ತದೆ, ಗೆರೆ ಕದಡುತ್ತದೆ. ಆಗಿನ ಸಲಹೆಗಳೂ ಯಂತ್ರದ ಗುಟ್ಟುಗಳೇ: ಯಾವ ಮಾದರಿಯ ವಿಸಿಆರ್ ಚಿತ್ರ ಹಾಗೇ ಬಿಟ್ಟು ಧ್ವನಿ ಮಾತ್ರ ಹೊಸದಾಗಿ ಸೇರಿಸಲು ಬಿಡುತ್ತದೆ, ಎಷ್ಟು ಮುಂಚೆ ಗುಂಡಿ ಬಿಡಬೇಕು, ಹೀಗೆ.

ಇನ್ನು ಅಭಿಪ್ರಾಯ? ಅದು ಸಿಗುತ್ತಿದ್ದದ್ದು ಅನಿಮೆ ಪ್ರಿಯರ ಸಮ್ಮೇಳನಗಳಲ್ಲಿ. ಓಟಕಾನ್, ಅನಿಮೆ ಎಕ್ಸ್‌ಪೋ, ಅನಿಮೆ ವೀಕೆಂಡ್ ಅಟ್ಲಾಂಟಾ ಮೊದಲಾದ ಸಮ್ಮೇಳನಗಳು ತೊಂಬತ್ತರ ದಶಕದಲ್ಲಿ ಶುರುವಾದವು. ಎಎಂವಿ ಸ್ಪರ್ಧೆ ಇಂಥ ಕೂಟಗಳ ದೊಡ್ಡ ಆಕರ್ಷಣೆಯಾಗಿ ಬೆಳೆಯಿತು. ಕತ್ತಲ ಹಾಲ್‌ನಲ್ಲಿ ತುಂಬಿದ ಜನ, ಮುಂದೆ ದೊಡ್ಡ ಪರದೆ. ಹಾಸ್ಯದ ವಿಡಿಯೊ ಮಾಡಿದವರಿಗೆ ಇದಕ್ಕಿಂತ ಖಚಿತವಾದ ವಿಮರ್ಶೆ ಬೇಡ. ನಗು ಬರಬೇಕಾದ ಕಡೆ ಬಂತೋ ಇಲ್ಲವೋ, ಅಷ್ಟೇ. ಆದರೆ ಹಾಲ್ ಸುಮ್ಮನಾದರೆ ಅದು ಮನಸ್ಸು ತುಂಬಿ ಬಂದ ಮೌನವೋ ಬೇಜಾರಿನ ಮೌನವೋ ಹೇಳುವವರಾರು? ಭಾವದ ವಿಡಿಯೊ ಮಾಡಿದವರು ಈ ಅನುಮಾನ ಹೊತ್ತುಕೊಂಡೇ ಮನೆಗೆ ಹೋಗಬೇಕಿತ್ತು.

2000ದಲ್ಲಿ ಅನಿಮೆ ಮ್ಯೂಸಿಕ್ ವಿಡಿಯೋಸ್ ಡಾಟ್ ಆರ್ಗ್ ಎಂಬ ತಾಣ ಬಂದ ಮೇಲೆ ಈ ಪರಿಸ್ಥಿತಿ ಬದಲಾಯಿತು. ಅದು ಎಎಂವಿಗಳ ಪಟ್ಟಿಗಾಗಿ ಹುಟ್ಟಿದ್ದು. ಆದರೆ ನನ್ನ ಪ್ರಕಾರ ಅದರ ದೊಡ್ಡ ಕೊಡುಗೆ ಅಭಿಪ್ರಾಯ ಬರೆಯುವ ನಮೂನೆ. ಸ್ವಂತಿಕೆಗೆ ಬೇರೆ ಅಂಕ, ಚಿತ್ರದ ಗುಣಮಟ್ಟಕ್ಕೆ ಬೇರೆ, ಧ್ವನಿಗೆ ಬೇರೆ, ಎಫೆಕ್ಟ್‌ಗಳಿಗೆ, ತುಟಿ ಹೊಂದಿಕೆಗೆ, ಚಲನೆಯ ಹೊಂದಿಕೆಗೆ ಬೇರೆ ಬೇರೆ. ಜೊತೆಗೆ ಬರವಣಿಗೆಯಲ್ಲಿ ವಿವರಣೆ. ‘ಇಷ್ಟವಾಯಿತು’ ಎಂಬ ಒಂದೇ ಮುದ್ದೆಯನ್ನು ಬಿಡಿಸಿ ನೋಡುವ ಅಭ್ಯಾಸ ಸಾವಿರಾರು ಹದಿಹರೆಯದವರಿಗೆ ಆದದ್ದು ಅಲ್ಲಿಯೇ. ಕೊಡು–ಕೊಳ್ಳುವ ರೂಢಿಯೂ ಜೊತೆಗೆ ಬೆಳೆಯಿತು: ನೀನು ನನ್ನದಕ್ಕೆ ಬರೆ, ನಾನು ನಿನ್ನದಕ್ಕೆ ಬರೆಯುತ್ತೇನೆ. ಮುಲಾಜಿಗೆ ಬರೆದ ಹೊಗಳಿಕೆ ಅಲ್ಲಿಯೂ ಇತ್ತು. ಆದರೆ ಕಾಲಂ ತುಂಬಿಸಲೇಬೇಕಾದಾಗ ಮುಲಾಜಿನವರೂ ಒಂದಾದರೂ ಕೊರತೆ ಹುಡುಕುತ್ತಾರೆ. ಹುಡುಕುವಾಗ ತಮ್ಮದೇ ವಿಡಿಯೊದ ಕೊರತೆ ಕಣ್ಣಿಗೆ ಬೀಳುತ್ತದೆ. ಟೀಕೆ ಬರೆಯುವುದರಿಂದ ಬರೆಸಿಕೊಂಡವರಿಗಿಂತ ಬರೆದವರಿಗೇ ಹೆಚ್ಚು ಲಾಭವಾದ ಉದಾಹರಣೆಗಳು ಈ ಲೋಕದಲ್ಲಿ ಧಾರಾಳ.

ಆ ಕಾಲದ ಟೀಕೆಗಳಲ್ಲಿ ಅರ್ಧದಷ್ಟು ಕಲೆಯ ಬಗ್ಗೆ ಅಲ್ಲವೇ ಅಲ್ಲ, ಕೊಳೆಯ ಬಗ್ಗೆ. ಪರದೆಯ ಕೆಳಗೆ ಸಬ್‌ಟೈಟಲ್ ಉಳಿದಿದೆ. ಮೂಲೆಯಲ್ಲಿ ಚಾನೆಲ್ಲಿನ ಲಾಂಛನ ಕಾಣುತ್ತಿದೆ. ಮುಖಗಳು ಅಡ್ಡಕ್ಕೆ ಹಿಗ್ಗಿವೆ. ಎಲ್ಲಕ್ಕಿಂತ ಕುಖ್ಯಾತವಾದದ್ದು ‘ಬಾಚಣಿಗೆ’ ಗೆರೆ. ಅನಿಮೆ ತಯಾರಾಗುವುದು ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ. ಅಮೆರಿಕ, ಜಪಾನಿನ ಡಿವಿಡಿ ಓಡುವುದು ಹೆಚ್ಚುಕಡಿಮೆ 30ರ ಲೆಕ್ಕದಲ್ಲಿ. ನಾಲ್ಕು ಫ್ರೇಮನ್ನು ಐದಕ್ಕೆ ಹಿಗ್ಗಿಸಲು ಒಂದೊಂದು ಫ್ರೇಮಿನ ಸಮ ಗೆರೆಗಳನ್ನೂ ಬೆಸ ಗೆರೆಗಳನ್ನೂ ಬೇರ್ಪಡಿಸಿ ಹಂಚುತ್ತಾರೆ. ಪರಿಣಾಮ, ಪ್ರತಿ ಐದರಲ್ಲಿ ಎರಡು ಫ್ರೇಮ್ ಎರಡು ಬೇರೆ ಬೇರೆ ಚಿತ್ರಗಳ ಕಲಬೆರಕೆ. ಟಿವಿಯಲ್ಲಿ ಗೊತ್ತಾಗುವುದಿಲ್ಲ, ಕಂಪ್ಯೂಟರಿನಲ್ಲಿ ಕೈಕಾಲು ಆಡಿದಾಗೆಲ್ಲ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆ ಏಳುತ್ತವೆ. ಇದನ್ನು ಬಿಡಿಸದೆ ಕತ್ತರಿ ಹಾಕಿದರೆ, ಅದರ ಮೇಲೆ ಅಳತೆಯನ್ನೂ ಬದಲಿಸಿದರೆ, ಕೊಳೆ ಚಿತ್ರದೊಳಗೇ ಬೆಂದು ಹೋಗುತ್ತದೆ, ಆಮೇಲೆ ತೊಳೆಯಲಾಗದು. ಅಬ್ಸೊಲ್ಯೂಟ್‌ಡೆಸ್ಟಿನಿ, ಎರ್‌ಮ್ಯಾಕ್ ಎಂಬ ಅಡ್ಡಹೆಸರುಗಳ ಇಬ್ಬರು ಹವ್ಯಾಸಿಗಳು ಇದನ್ನೆಲ್ಲ ಹಂತ ಹಂತವಾಗಿ ವಿವರಿಸಿ ಕೈಪಿಡಿ ಬರೆದಿಟ್ಟರು. ಡಿವಿಡಿಯ ಒಳಗುಟ್ಟನ್ನು ಹದಿನಾರರ ಹುಡುಗರು ಅರೆದು ಕುಡಿದದ್ದು ಈ ಕೈಪಿಡಿಯಿಂದ.

ಇನ್ನು ಆ ಎರಡು ಫ್ರೇಮಿನ ವಿಷಯ. ನಿಮಿಷಕ್ಕೆ 120 ಬೀಟಿನ ಹಾಡಾದರೆ ಒಂದು ಬೀಟಿಗೆ ಅರ್ಧ ಸೆಕೆಂಡ್, ಅಂದರೆ 12 ಫ್ರೇಮ್. ಲೆಕ್ಕ ಸಲೀಸು. 140ರ ಹಾಡು ಹಿಡಿದರೆ ಒಂದು ಬೀಟಿಗೆ ಸುಮಾರು 10.3 ಫ್ರೇಮ್. ಫ್ರೇಮನ್ನು ಮುರಿಯಲಾಗದು. ಹೊಸಬರು ಹತ್ತು ಹತ್ತು ಫ್ರೇಮಿಗೊಂದು ಕಟ್ ಹಾಕುತ್ತ ಹೋಗುತ್ತಾರೆ. ಮೊದಲ ನಾಲ್ಕೈದು ಕಟ್ ಸೊಗಸಾಗಿ ಕೂರುತ್ತವೆ, ಏಳನೆಯ ಬೀಟಿನ ಹೊತ್ತಿಗೆ ಚಿತ್ರ ಎರಡು ಫ್ರೇಮ್ ಮುಂದೆ ಓಡಿರುತ್ತದೆ, ಹದಿನಾಲ್ಕರ ಹೊತ್ತಿಗೆ ನಾಲ್ಕು. ‘ಆರಂಭ ಚೆನ್ನಾಗಿದೆ, ಹೋಗುತ್ತ ಹೋಗುತ್ತ ಏನೋ ಸಡಿಲ’ ಎಂಬ ಮಸುಕು ಅಭಿಪ್ರಾಯದ ಹಿಂದೆ ಅನೇಕ ಸಲ ಇರುವುದು ಇಷ್ಟೇ ಗಣಿತ. ಅನುಭವಿಗಳು ಕೊಡುವ ಸಲಹೆ ಸರಳ: ಲೆಕ್ಕ ನಂಬಬೇಡ, ಧ್ವನಿಯ ಅಲೆಯ ಗೆರೆ ನೋಡು, ಪ್ರತಿ ಪೆಟ್ಟಿಗೂ ಟೈಮ್‌ಲೈನಿನಲ್ಲಿ ಗುರುತು ಹಾಕು, ಆಮೇಲೆ ಕತ್ತರಿ ಹಿಡಿ.

ಎರಡು ಫ್ರೇಮ್ ತಡವಾಗುವುದೂ ಎರಡು ಫ್ರೇಮ್ ಮುಂಚೆಯಾಗುವುದೂ ಒಂದೇ ಅಪರಾಧವಲ್ಲ. ಪ್ರಸಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೊಂದು ಹೇಳುವ ಪ್ರಕಾರ, ಚಿತ್ರಕ್ಕಿಂತ ಧ್ವನಿ ಸುಮಾರು 45 ಮಿಲಿಸೆಕೆಂಡ್ ಮೊದಲು ಬಂದರೂ ನೋಡುಗರಿಗೆ ತಿಳಿಯುತ್ತದೆ. ಧ್ವನಿ ಹಿಂದೆ ಬಿದ್ದರೆ ಮಾತ್ರ ಸುಮಾರು 125 ಮಿಲಿಸೆಕೆಂಡಿನವರೆಗೂ ತಿಳಿಯುವುದಿಲ್ಲ. ಒಂದು ಫ್ರೇಮ್ ಅಂದರೆ 42 ಮಿಲಿಸೆಕೆಂಡ್ ಆಸುಪಾಸು. ಅಂದಮೇಲೆ ಚಿತ್ರ ಎರಡು ಫ್ರೇಮ್ ಮುಂಚೆ ಬಂದರೆ ಯಾರೂ ಕೇಳುವುದಿಲ್ಲ, ಎರಡು ಫ್ರೇಮ್ ತಡವಾದರೆ ಸಿಕ್ಕಿಬೀಳುತ್ತೀರಿ. ದೂರದಲ್ಲಿ ಅಗಸ ಬಟ್ಟೆ ಒಗೆಯುವಾಗ ಬಟ್ಟೆ ಕಲ್ಲಿಗೆ ಬಿದ್ದಮೇಲೆ ಸದ್ದು ಬರುವುದು ಲೋಕರೂಢಿ. ಸದ್ದು ಮೊದಲು ಬಂದು ಬಟ್ಟೆ ಆಮೇಲೆ ಬೀಳುವುದನ್ನು ನಮ್ಮ ಕಣ್ಣು ಎಂದೂ ಕಂಡಿಲ್ಲ. ಕರ್ನಾಟಕ ಸಂಗೀತ ಕಲಿತವರು ತಾಳಕ್ಕೆ ಮೊದಲೇ ಹಾಡು ಎತ್ತಿಕೊಳ್ಳುವ ಅತೀತ, ತಾಳ ಬಿದ್ದ ಮೇಲೆ ಎತ್ತಿಕೊಳ್ಳುವ ಅನಾಗತ ಎರಡನ್ನೂ ಬಲ್ಲರು, ಎರಡಕ್ಕೂ ಅಲ್ಲಿ ಮರ್ಯಾದೆಯಿದೆ. ಎಎಂವಿಯಲ್ಲಿ ಅತೀತ ನಡೆಯುತ್ತದೆ, ಅನಾಗತ ನಡೆಯುವುದಿಲ್ಲ.

ಆದರೆ ಪ್ರತಿ ಬೀಟಿಗೂ ಕಟ್ ಹಾಕಿದ ವಿಡಿಯೊ ಅರ್ಧ ನಿಮಿಷದಲ್ಲಿ ತಲೆನೋವು ತರಿಸುತ್ತದೆ. ಬಲ್ಲವರು ಇಂಥ ಹೊಂದಿಕೆಯನ್ನು ‘ಹೊರಗಿನ ಸಿಂಕ್’ ಎಂದು ಕರೆದು, ಇದರಾಚೆ ‘ಒಳಗಿನ ಸಿಂಕ್’ ಎಂಬುದೊಂದಿದೆ ಎನ್ನುತ್ತಾರೆ. ಶಾಟನ್ನು ಕತ್ತರಿಸದೆ ಅದರೊಳಗಿನ ಚಲನೆಯನ್ನೇ ಹಾಡಿಗೆ ಕೂಡಿಸುವುದು: ಹುಡುಗಿ ಕತ್ತು ಹೊರಳಿಸುವುದು, ಬಾಗಿಲು ಮುಚ್ಚುವುದು, ಬೆಂಕಿಕಡ್ಡಿ ಗೀರುವುದು ಬೀಟಿನ ಮೇಲೆ ಬರಬೇಕು. ಕಟ್ ಎಲ್ಲಾದರೂ ಬೀಳಲಿ. ಇದು ಕಂಡೂ ಕಾಣದಂತಿರುವ ಕೆಲಸ. ಮೂಲ ಸರಣಿಯ ನೂರಾರು ಶಾಟ್‌ಗಳನ್ನು ತಲೆಯಲ್ಲಿಟ್ಟುಕೊಂಡವರಿಗೇ ಒಲಿಯುವಂಥದು.

ತುಟಿ ಹೊಂದಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅನಿಮೆ ಎಂಬ ಮಾಧ್ಯಮದ ಗುಟ್ಟು ಅಲ್ಲಿ ಬಿಚ್ಚಿಕೊಳ್ಳುತ್ತದೆ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಟೆಟ್ಸುವಾನ್ ಆಟಮ್’ ಅನಿಮೆ ಸರಣಿ ಜಪಾನಿನ ಟಿವಿಯಲ್ಲಿ ಶುರುವಾಯಿತು. ವಾರಕ್ಕೊಂದು ಕಂತು ಮುಗಿಸಬೇಕು, ದುಡ್ಡು ಕಡಿಮೆ. ಹಾಗಾಗಿ ಒಂದೇ ಚಿತ್ರವನ್ನು ಎರಡು ಮೂರು ಫ್ರೇಮ್ ಹಾಗೇ ನಿಲ್ಲಿಸುವುದು, ಮಾತಾಡುವಾಗ ಮುಖ ಅಲುಗಿಸದೆ ಬಾಯನ್ನಷ್ಟೇ ಆಡಿಸುವುದು ಮುಂತಾದ ಉಳಿತಾಯದ ದಾರಿಗಳು ನೆಲೆಯೂರಿದವು. ಇಂದಿಗೂ ಅನಿಮೆಯಲ್ಲಿ ಮಾತಿಗೆ ಸಾಮಾನ್ಯವಾಗಿ ಮೂರೇ ಬಾಯಿ: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಟಿವಿ ಅನಿಮೆಯ ಈ ಜಿಪುಣತನ ಎಎಂವಿಯವರಿಗೆ ವರವಾಯಿತು. ಪಾತ್ರವೊಂದು ನಿಂತಲ್ಲೇ ಮಾತಾಡುವ ಶಾಟ್ ಹುಡುಕಿ, ಆ ಮೂರು ಬಾಯಿಗಳ ಫ್ರೇಮನ್ನು ಬಿಡಿಬಿಡಿಯಾಗಿ ತೆಗೆದಿಟ್ಟುಕೊಂಡರೆ ಸಾಕು, ಯಾವ ಭಾಷೆಯ ಯಾವ ಹಾಡನ್ನು ಬೇಕಾದರೂ ಅದರ ಬಾಯಲ್ಲಿ ಹಾಡಿಸಬಹುದು. ಹಾಡಿನಲ್ಲಿ ಪ, ಬ, ಮ ಬಂದಲ್ಲಿ ಮುಚ್ಚಿದ ಬಾಯಿ ಕಡ್ಡಾಯ. ‘ಆ’ಕಾರಕ್ಕೆ ಪೂರ್ತಿ ತೆರೆದದ್ದು. ಉಳಿದದ್ದನ್ನೆಲ್ಲ ಅರೆ ಬಾಯಿ ನಿಭಾಯಿಸುತ್ತದೆ. ಹಿಂದೆ ಗಾಳಿಗೆ ಕೂದಲು ಹಾರುತ್ತಿದ್ದರೆ ಮಾತ್ರ ಕಷ್ಟ. ಬಾಯಿಯ ಫ್ರೇಮ್ ಹಿಂದೆ ಮುಂದೆ ಮಾಡಿದಾಗ ಕೂದಲೂ ಜಿಗಿಯುತ್ತದೆ. ಆಗ ಬಾಯಿಯಷ್ಟನ್ನೇ ಕತ್ತರಿಸಿ ಮೇಲೆ ಅಂಟಿಸಬೇಕು. ನಾಲ್ಕು ಸೆಕೆಂಡಿನ ಹಾಡಿಗೆ ಒಂದು ಇಡೀ ಸಂಜೆ ಹೋದರೂ ಹೋಯಿತು.

ಇಂಥ ಕೆಲಸಕ್ಕೆ ಬರುವ ಉಪಯುಕ್ತ ಟೀಕೆ ‘ಲಿಪ್ ಸಿಂಕ್ ಸರಿಯಿಲ್ಲ’ ಎನ್ನುವುದಿಲ್ಲ. ‘ಎರಡನೇ ಸಾಲಿನ ಮಕಾರಕ್ಕೆ ಬಾಯಿ ಮುಚ್ಚಿಲ್ಲ, ಉಳಿದದ್ದು ಹಾಗೇ ಇರಲಿ’ ಎನ್ನುತ್ತದೆ. ಕಣ್ಣು ಕ್ಷಮಿಸದ ತಪ್ಪು ಅದೊಂದೇ. ಇನ್ನೊಂದು ಸಲಹೆ ಬಲ್ಲವರ ಬಾಯಲ್ಲಿ ಆಗಾಗ ಬರುತ್ತದೆ: ಇಡೀ ಚರಣ ಹಾಡಿಸಬೇಡ, ಒಂದು ಸಾಲು ಹಾಡಿಸಿ ಕೇಳುತ್ತಿರುವವರ ಮುಖಕ್ಕೆ ಹೋಗು. ಪಾತ್ರ ಹಾಡುತ್ತಲೇ ಇದೆಯೆಂದು ನೋಡುಗರು ತಾವೇ ನಂಬಿಕೊಳ್ಳುತ್ತಾರೆ.

ಇಲ್ಲಿಯವರೆಗಿನದು ಬೆರಳಿಟ್ಟು ತೋರಿಸಬಹುದಾದ ಟೀಕೆ. ತೋರಿಸಲು ಕಷ್ಟವಾದದ್ದು, ತೋರಿಸಿದರೆ ಸಿಟ್ಟು ಬರುವಂಥದ್ದು ಹಾಡಿನ ಆಯ್ಕೆ. ‘ಡ್ರ್ಯಾಗನ್ ಬಾಲ್ ಝಡ್’ ಸರಣಿಗೆ ಲಿಂಕಿನ್ ಪಾರ್ಕ್ ತಂಡದ ಹಾಡು ಹಾಕಿದ ವಿಡಿಯೊಗಳು 2000ದ ದಶಕದಲ್ಲಿ ಎಷ್ಟು ಬಂದವೆಂದರೆ, ಆ ಜೋಡಿಯೇ ಒಂದು ನಗೆಚಾಟಿಕೆಯಾಗಿ ಉಳಿದುಬಿಟ್ಟಿತು. ಹುಡುಗನೊಬ್ಬ ಪ್ರಾಣ ಸುರಿದು ಮಾಡಿದ ಮೊದಲ ವಿಡಿಯೊಗೆ ‘ಅಯ್ಯೋ, ಇದೂ ಅದೇನಾ’ ಎಂಬ ಒಂದು ಸಾಲು ಬಂದರೆ ಅವನಿಗೆ ಹೇಗಾದೀತು? ಅದು ನಿಜವೇ ಇರಬಹುದು, ಆದರೆ ಉಪಯೋಗವಿಲ್ಲದ ನಿಜ. ಹಾಡು ಬದಲಿಸಿದರೆ ವಿಡಿಯೊ ಉಳಿಯುವುದಿಲ್ಲ. ಮುಗಿದ ಕೆಲಸದ ಅಡಿಪಾಯ ಅಲ್ಲಾಡಿಸುವ ಮಾತನ್ನು ಶುರುವಾಗುವ ಮೊದಲೇ ಕೇಳಿಸಿಕೊಳ್ಳಬೇಕು. ಹಾಗಾಗಿಯೇ ಪಳಗಿದವರು ಮುಗಿದ ವಿಡಿಯೊವನ್ನು ತೋರಿಸಿ ಅಭಿಪ್ರಾಯ ಕೇಳುವುದು ಕಡಿಮೆ. ಮೊದಲ ಮೂವತ್ತು ಸೆಕೆಂಡ್ ಕಟ್ಟಿ, ಅದನ್ನು ಇಬ್ಬರು ಮೂವರಿಗೆ ಕಳಿಸಿ ಕೇಳುತ್ತಾರೆ.

ಪದಕ್ಕೆ ಪದ ಚಿತ್ರ ಹಾಕುವುದು ಮತ್ತೊಂದು ಹಳೆಯ ಜಾಡ್ಯ. ಹಾಡಿನಲ್ಲಿ ಮಳೆ ಅಂದರೆ ಮಳೆ, ಬೆಂಕಿ ಅಂದರೆ ಬೆಂಕಿ. ಕನ್ನಡದ ಹಳೆಯ ಚಿತ್ರಗೀತೆಗಳಲ್ಲಿ ಚಂದ್ರ ಎಂದಾಕ್ಷಣ ಚಂದ್ರನನ್ನೇ ತೋರಿಸಿದ್ದನ್ನು ಕಂಡವರಿಗೆ ಇದರ ಸುಖವೂ ಗೊತ್ತು, ಬೇಸರವೂ ಗೊತ್ತು. ಹಾಸ್ಯದ ವಿಡಿಯೊದಲ್ಲಿ ಮಾತ್ರ ಇದೇ ಆಯುಧ, ಅದೂ ಚುಟುಕಾಗಿದ್ದರೆ. 2004ರಲ್ಲಿ ಶುರುವಾದ ‘ಎಎಂವಿ ಹೆಲ್’ ಸರಣಿಯವರು ಚಿಕ್ಕ ಚಿಕ್ಕ ತುಣುಕುಗಳನ್ನು ಒಂದರ ಹಿಂದೊಂದು ಪೋಣಿಸಿ ತೋರಿಸಿಕೊಟ್ಟದ್ದು, ಹತ್ತು ಸೆಕೆಂಡಿನ ನಗೆಯನ್ನು ನಾಲ್ಕು ನಿಮಿಷ ಎಳೆಯಬೇಕಿಲ್ಲ ಎಂಬುದನ್ನು.

ಹಾಲಿವುಡ್ ಸಂಕಲನಕಾರ ವಾಲ್ಟರ್ ಮರ್ಚ್ ಅವರು ತಮ್ಮ ಪುಸ್ತಕದಲ್ಲಿ ಒಂದು ಒಳ್ಳೆಯ ಕಟ್‌ಗೆ ಬೇಕಾದ ಆರು ಗುಣಗಳನ್ನು ಹೇಳಿ, ಒಂದೊಂದಕ್ಕೂ ತೂಕ ಕೊಟ್ಟಿದ್ದಾರೆ. ಭಾವಕ್ಕೆ ನೂರರಲ್ಲಿ 51, ಕತೆಗೆ 23, ಲಯಕ್ಕೆ ಬರೀ 10. ನೋಡುಗರ ಕಣ್ಣು ಪರದೆಯ ಯಾವ ಮೂಲೆಯಲ್ಲಿದೆ ಎಂಬ ಎಚ್ಚರಕ್ಕೆ 7. ಎಎಂವಿಯ ಟೀಕೆಗಳನ್ನು ಓದುತ್ತ ಹೋದರೆ ಲಯಕ್ಕೇ 51 ಕೊಟ್ಟಂತೆ ಕಾಣುತ್ತದೆ. ಅಳೆಯಲು ಬರುವುದು ಅದೊಂದೇ ಆದ್ದರಿಂದ ಎಲ್ಲರೂ ಅದನ್ನೇ ಅಳೆಯುತ್ತಾರೆ. ಈ ಪದ್ಧತಿಯ ದೌರ್ಬಲ್ಯ ಇದು, ಒಪ್ಪಿಕೊಳ್ಳಬೇಕು. ಸರಣಿಯನ್ನೇ ನೋಡದ ಒಬ್ಬರಿಗೆ ವಿಡಿಯೊ ತೋರಿಸಿ ‘ಯಾರು ಯಾರನ್ನು ಕಳಕೊಂಡರು, ಹೇಳು’ ಎಂದು ಕೇಳುವುದು ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಮದ್ದು. ಅವರು ತಪ್ಪಾಗಿ ಹೇಳಿದರೆ ತಪ್ಪು ಅವರದಲ್ಲ.

ಜಪಾನಿನಲ್ಲಿ ಇದೇ ಜಾತಿಯ ಕೆಲಸಕ್ಕೆ ಮ್ಯಾಡ್ ಎಂದು ಹೆಸರು. 2006ರ ಕೊನೆಗೆ ಬಂದ ನಿಕೊ ನಿಕೊ ಡೋಗಾ ತಾಣದಲ್ಲಿ ನೋಡುಗರ ಮಾತು ವಿಡಿಯೊದ ಕೆಳಗೆ ಕೂರುವುದಿಲ್ಲ. ಬರೆದ ಗಳಿಗೆಗೇ, ಚಿತ್ರದ ಮೇಲೆಯೇ ಬಲದಿಂದ ಎಡಕ್ಕೆ ಹರಿದುಹೋಗುತ್ತದೆ. ಯಾವ ಸೆಕೆಂಡಿನಲ್ಲಿ ಜನ ಉಸಿರು ಬಿಗಿಹಿಡಿದರು, ಎಲ್ಲಿ ನಕ್ಕರು ಎಂಬುದು ಮಾಡಿದವರಿಗೆ ಕಣ್ಣೆದುರೇ ಕಾಣುತ್ತದೆ. ಕತ್ತಲ ಹಾಲ್‌ನ ಗದ್ದಲವೇ ಅಕ್ಷರವಾಗಿ ಬಂದ ಹಾಗೆ. ಅತ್ತ ಅಮೆರಿಕದಲ್ಲಿ ಟಿವಿ ಸರಣಿಗಳ ಅಭಿಮಾನಿ ಮಹಿಳೆಯರು ಎಎಂವಿಗೂ ಮೊದಲಿನಿಂದ ಇಂಥದೇ ಕೆಲಸ ಮಾಡುತ್ತ ಬಂದಿದ್ದರು; 1975ರಲ್ಲಿ ಕ್ಯಾಂಡಿ ಫಾಂಗ್ ‘ಸ್ಟಾರ್ ಟ್ರೆಕ್’ನ ಸ್ಲೈಡ್‌ಗಳನ್ನು ಹಾಡಿಗೆ ಹೊಂದಿಸಿ ತೋರಿಸಿದ್ದರು. ಅವರ ನಡುವೆ ‘ಬೀಟಾ’ ಎಂಬ ಪದ್ಧತಿಯಿದೆ. ಬಿಡುಗಡೆಗೆ ಮೊದಲು ನಂಬಿಕೆಯ ಗೆಳತಿಯೊಬ್ಬಳು ನೋಡಿ ತಿದ್ದಬೇಕು, ಅವಳ ಹೆಸರನ್ನು ಕೃತಜ್ಞತೆಯಿಂದ ಹಾಕಬೇಕು. ಗುಟ್ಟಾಗಿ ಒರಟು ಮಾತು, ಬಹಿರಂಗದಲ್ಲಿ ಮರ್ಯಾದೆ. ಅನಿಮೆಯ ಗಂಡುಹುಡುಗರ ಗುಂಪು ಇದನ್ನು ಕಲಿಯಲು ಸಾಕಷ್ಟು ಕಾಲ ತೆಗೆದುಕೊಂಡಿತು ಎಂದರೆ ಅವರು ಬೇಸರಿಸಬಾರದು.

ಹಕ್ಕಿನ ಪ್ರಶ್ನೆ ಇದ್ದೇ ಇದೆ. 2005ರಲ್ಲಿ ವಿಂಡ್‌ಅಪ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ತನ್ನ ಇವನೆಸೆನ್ಸ್, ಕ್ರೀಡ್, ಸೀದರ್ ತಂಡಗಳ ಹಾಡು ಬಳಸಿದ ವಿಡಿಯೊಗಳನ್ನು ತೆಗೆಯುವಂತೆ ಎಎಂವಿ ತಾಣಕ್ಕೆ ಕೇಳಿತು, ತೆಗೆಯಬೇಕಾಯಿತು. 2010ರಲ್ಲಿ ಅಮೆರಿಕದ ಕೃತಿಸ್ವಾಮ್ಯ ಆಡಳಿತ, ಲಾಭದ ಉದ್ದೇಶವಿಲ್ಲದ ವಿಡಿಯೊಗಳಿಗಾಗಿ ಡಿವಿಡಿಯ ಬೀಗ ಮುರಿದು ಸಣ್ಣ ತುಣುಕು ತೆಗೆಯಲು ಕೆಲವು ಷರತ್ತುಗಳೊಂದಿಗೆ ವಿನಾಯಿತಿ ಕೊಟ್ಟಿತು. ಹಾಡಿನ ಕಡೆಯಿಂದ ಅಂಥ ನಿರಾಳ ಸಿಕ್ಕಿಲ್ಲ. ಯೂಟ್ಯೂಬಿನ ತಪಾಸಣೆ ಯಂತ್ರ ಹಾಡನ್ನು ಗುರುತಿಸಿದರೆ ವಿಡಿಯೊ ಮೂಕವಾಗಬಹುದು, ಮಾಯವೂ ಆಗಬಹುದು. ವಿಡಿಯೊ ಹೋದರೆ ಮಾಡಿದವರ ಕಂಪ್ಯೂಟರಿನಲ್ಲಿ ಪ್ರತಿ ಇದ್ದೀತು. ಅದರ ಕೆಳಗೆ ಹತ್ತಾರು ಜನ ಬರೆದ ತಿದ್ದುಪಡಿಗಳಿಗೆ ಪ್ರತಿ ಇರುವುದಿಲ್ಲ. ಈ ನಷ್ಟದ ಬಗ್ಗೆ ಯಾರೂ ಅಷ್ಟಾಗಿ ಮಾತಾಡಿಲ್ಲ.

ಈಗಿನ ಕಾಲ ಮೊಬೈಲಿನದು, ಹದಿನೈದು ಸೆಕೆಂಡಿನದು. ಇದನ್ನು ಎಎಂವಿ ಎನ್ನುವವರೂ ಕಡಿಮೆ, ಬರೀ ‘ಎಡಿಟ್’. ನಮ್ಮಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾದ ಮೇಲೆ ಇಂಥ ಹುಡುಗರೆಲ್ಲ ಇನ್‌ಸ್ಟಾಗ್ರಾಂ ರೀಲ್ಸ್ ಕಡೆ ವಾಲಿದರು. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗ ಅವರಲ್ಲೊಬ್ಬ. ಅನಿಮೆಯ ಖಡ್ಗಧಾರಿಯೊಬ್ಬನಿಗೆ ಕನ್ನಡ ಸಿನಿಮಾದ ಮಾಸ್ ಹಾಡು ಹೊಂದಿಸಿದ್ದನ್ನು ಹಬ್ಬಕ್ಕೆ ಹೋದಾಗ ತೋರಿಸಿದ.

‘ಚೆನ್ನಾಗಿದೆ ಕಣೋ’ ಅಂದೆ.

‘ಅದನ್ನ ಅಮ್ಮನೂ ಹೇಳಿದ್ಲು. ಎಲ್ಲಿ ಚೆನ್ನಾಗಿಲ್ಲ ಹೇಳಿ ಮಾಮ.’

ಹೇಳಲು ನನ್ನಿಂದಾಗಲಿಲ್ಲ. ಹೇಳಿದವನು ಬ್ರೆಜಿಲ್‌ನ ಒಬ್ಬ ಹುಡುಗ. ಡಿಸ್ಕಾರ್ಡ್‌ನಲ್ಲಿ ಪರಿಚಯ, ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ. ಅವನ ಸಂದೇಶವನ್ನು ಇವನು ನನಗೆ ಓದಿ ಹೇಳಿದ. ಏಳನೇ ಸೆಕೆಂಡಿನ ಸ್ಲೋ ಮೋಷನ್‌ನಲ್ಲಿ ಕೈಯ ಸುತ್ತ ದೆವ್ವದ ಹಾಗೆ ನೆರಳು ಎದ್ದಿದೆ. ಬಣ್ಣ ಗಾಢ ಮಾಡಲು ಹೋಗಿ ಕಪ್ಪು ಕೂದಲು ಹಿಂದಿನ ಕತ್ತಲಲ್ಲಿ ಕರಗಿಹೋಗಿದೆ. ಕೊನೆಯ ನಾಲ್ಕು ಸೆಕೆಂಡಿನಲ್ಲಿ ಪರದೆ ಅಲುಗಾಡಿಸಿದ್ದು ಅತಿಯಾಯಿತು.

ಮೊದಲನೆಯದಕ್ಕೆ ಮದ್ದನ್ನೂ ಅವನೇ ಬರೆದಿದ್ದ. ಸ್ಲೋ ಮೋಷನ್ ಮಾಡುವ ಟ್ವಿಕ್ಸ್‌ಟರ್ ಮುಂತಾದ ತಂತ್ರಾಂಶಗಳು ಎರಡು ಫ್ರೇಮಿನ ನಡುವೆ ಇಲ್ಲದ ಚಿತ್ರವನ್ನು ತಾವೇ ಊಹಿಸಿ ತುಂಬುತ್ತವೆ. ಅನಿಮೆಯಲ್ಲಿ ಒಂದೇ ಚಿತ್ರ ಎರಡು ಮೂರು ಫ್ರೇಮ್ ನಿಂತಿರುತ್ತದಲ್ಲ, ತಂತ್ರಾಂಶಕ್ಕೆ ಅದು ಗೊತ್ತಿಲ್ಲ. ನಿಂತಲ್ಲಿ ನಿಂತು, ಆಮೇಲೆ ಒಮ್ಮೆಲೇ ಹಾರಿದ ಕೈಯನ್ನು ಹೇಗೋ ಎಳೆದು ಸೇರಿಸಲು ಹೋಗಿ ಕಲಸುಮೇಲೋಗರ ಮಾಡುತ್ತದೆ. ಹಾಗಾಗಿ ಮೊದಲು ಫ್ರೇಮ್ ಫ್ರೇಮ್ ನಡೆದುಹೋಗಿ ನಕಲುಗಳನ್ನೆಲ್ಲ ಅಳಿಸಬೇಕು. ಉಳಿದ ಅಸಲಿ ಚಿತ್ರಗಳನ್ನು ಮಾತ್ರ ತಂತ್ರಾಂಶಕ್ಕೆ ಕೊಡಬೇಕು. ಹುಡುಗ ಆ ರಾತ್ರಿ ಊಟ ಮರೆತು ಅದನ್ನೇ ಮಾಡಿದ. ಕೈ ಕೈಯಾಗಿ ಕಂಡಿತು. ತೆಜುಕಾ ಕಾಲದ ಉಳಿತಾಯ ಅರವತ್ತು ವರ್ಷದ ಮೇಲೆ ಶಿವಮೊಗ್ಗದ ಹುಡುಗನೊಬ್ಬನ ನಿದ್ದೆ ಕೆಡಿಸಿತಲ್ಲ ಎಂದು ನನಗೆ ನಗು.

ಬ್ರೆಜಿಲ್‌ನವನಿಗೆ ಕನ್ನಡ ಬಾರದು. ಹಾಡಿನಲ್ಲಿ ನಾಯಕನ ಪ್ರತಿಜ್ಞೆಯ ಮಾತು ಬರುವಾಗ ಚಿತ್ರದಲ್ಲಿ ಖಡ್ಗಧಾರಿ ಬೆನ್ನು ತಿರುಗಿಸಿ ಓಡುತ್ತಿದ್ದದ್ದು ಅವನ ಗಮನಕ್ಕೆ ಬರಲಿಲ್ಲ. ಕಾಲೇಜಿನ ಗೆಳತಿಯೊಬ್ಬಳು ಮೊದಲ ನೋಟಕ್ಕೇ ಹಿಡಿದಳು. ಅವಳಿಗೆ ಕೈಯ ಸುತ್ತಲಿನ ನೆರಳು ಕಂಡಿರಲಿಲ್ಲ. ಮಾತು ತಿಳಿಯದವನು ತಾಳಕ್ಕೆ ಒಳ್ಳೆಯ ಕಾವಲುಗಾರ, ತಿಳಿದವಳು ಅರ್ಥಕ್ಕೆ. ಇಬ್ಬರನ್ನೂ ಇಟ್ಟುಕೊಂಡಿರುವುದು ಈ ಹುಡುಗನ ಜಾಣತನವೋ ಅದೃಷ್ಟವೋ ಗೊತ್ತಿಲ್ಲ. ಅಭಿಪ್ರಾಯ ಕೇಳುವ ರೀತಿಯನ್ನೂ ಈಗ ಕಲಿತಿದ್ದಾನೆ. ‘ಹೇಗಿದೆ’ ಎಂದು ಕೇಳಿದರೆ ‘ಬೆಂಕಿ’ ಎಂಬ ಉತ್ತರ ಬರುತ್ತದೆ, ಹೃದಯದ ಚಿತ್ರಗಳ ಮಳೆ ಸುರಿಯುತ್ತದೆ, ಅಲ್ಲಿಗೆ ಮುಗಿಯಿತು. ‘ಹನ್ನೊಂದನೇ ಸೆಕೆಂಡಿಗೆ ನಿನ್ನ ಕಣ್ಣು ಎಲ್ಲಿತ್ತು’ ಎಂದು ಕೇಳಿದರೆ ಎದುರಿನವರು ಮತ್ತೊಮ್ಮೆ ನೋಡಲೇಬೇಕಾಗುತ್ತದೆ.

ಕೊಡುವ ರೀತಿ ಮಾತ್ರ ಇನ್ನೂ ಬಂದಿಲ್ಲ. ಹೊಸಬನೊಬ್ಬನಿಗೆ ಒಂದೇ ಏಟಿಗೆ ತಪ್ಪುಗಳ ಉದ್ದದ ಪಟ್ಟಿ ಕಳಿಸಿದ್ದಕ್ಕೆ ಆ ಹುಡುಗ ಎರಡು ವಾರ ಮಾತೇ ಬಿಟ್ಟ. ಪಟ್ಟಿಯಲ್ಲಿದ್ದದ್ದೆಲ್ಲ ಸರಿಯೇ, ಆದರೆ ಆ ಹೊಸಬ ತನ್ನ ವಿಡಿಯೊದ ಪಾತ್ರವನ್ನು ಬೇಕೆಂದೇ ನಿಧಾನವಾಗಿ, ಕೊಂಚ ಹಾಳಾಗಿ ಕಾಣಿಸಲು ಹೊರಟಿದ್ದ. ಏನು ಮಾಡಹೊರಟಿದ್ದೀಯ ಎಂದು ಮೊದಲು ಕೇಳದೆ ಬರೆದ ಟೀಕೆ ಅದು. ಹಳೆಯ ನಮೂನೆಯ ಕಾಲಂಗಳಲ್ಲಿಯೂ ಆ ಪ್ರಶ್ನೆಗೆ ಜಾಗವಿರಲಿಲ್ಲ ಎಂಬುದು ನಿಜ.

ಬ್ರೆಜಿಲ್‌ನವನ ಮೂರನೇ ಮಾತನ್ನು, ಆ ಅಲುಗಾಟದ ತಕರಾರನ್ನು, ಇವನು ಒಪ್ಪಿಲ್ಲ. ‘ಮಾಸ್ ಹಾಡಿಗೆ ಅಷ್ಟು ಬೇಕೇ ಬೇಕು, ಅವನಿಗೆ ಥಿಯೇಟರ್ ಗೊತ್ತಿಲ್ಲ’ ಎಂಬುದು ಇವನ ವಾದ. ವಾದ ಮುಗಿಯದೆ ಇಬ್ಬರೂ ಸೇರಿ ಒಂದೇ ಹಾಡನ್ನು ಅರ್ಧರ್ಧ ಹಂಚಿಕೊಂಡು ಎಡಿಟ್ ಮಾಡುವುದೆಂದು ತೀರ್ಮಾನಿಸಿದ್ದಾರೆ. ಮೊದಲರ್ಧ ಬ್ರೆಜಿಲ್‌ನದು, ಅಲುಗಾಟವಿಲ್ಲ. ಎರಡನೆಯದು ಶಿವಮೊಗ್ಗದ್ದು. ಎರಡೂ ಸೇರುವ ಕಡೆ ಕೊನೆಯ ಫ್ರೇಮ್ ಯಾರದಾಗಬೇಕೆಂಬ ಚರ್ಚೆ ಈಗ ನಡೆಯುತ್ತಿದೆ. ಪರೀಕ್ಷೆ ಹತ್ತಿರ ಬಂತು ಎಂದು ಅಕ್ಕ ಅತ್ತ ಕೂಗಾಡುತ್ತಿದ್ದಾಳೆ.